ಸಿರಿಂಜಿನ ಹದಿನೈದು ಗೆರೆ

ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಪುಟ್ಟ ಬಾಟಲಿಯಲ್ಲಿ 2 ಎಂ.ಎಲ್. ದ್ರವ, ಅದರಲ್ಲಿ 80 ಮಿಲಿಗ್ರಾಂ ಔಷಧ. ಅವಧಿಗೆ ಮೊದಲೇ ಹುಟ್ಟಿದ, 1.2 ಕಿಲೋ ತೂಗುವ ಕೂಸಿಗೆ ಕಿಲೋಗೆ 5 ಮಿಲಿಗ್ರಾಂನಂತೆ 6 ಮಿಲಿಗ್ರಾಂ ಬೇಕೆನ್ನಿ. ಅಂದರೆ 0.15 ಎಂ.ಎಲ್. ಸಣ್ಣ ಸಿರಿಂಜಿನಲ್ಲಿ ಬರೀ ಹದಿನೈದು ಗೆರೆ. ಚುಕ್ಕಿ ಒಂದು ಮನೆ ಜರುಗಿ 1.5 ಆಯಿತೋ, ಹತ್ತು ಪಟ್ಟು ಔಷಧ ಒಳಗೆ ಹೋಯಿತು. ದೊಡ್ಡವರ ವಿಷಯದಲ್ಲಿ ಇಂಥ ತಪ್ಪಾದರೆ ಹತ್ತಾರು ಬಾಟಲಿ ಒಡೆಯಬೇಕಾಗುತ್ತದೆ, ಯಾರಾದರೂ "ಇದೇನಿದು?" ಎಂದು ಕೇಳಿಯೇ ಕೇಳುತ್ತಾರೆ. ಕೂಸಿನ ಪಾಲಿಗೆ ಒಂದೇ ಬಾಟಲಿ ಸಾಕು, ಅದರಲ್ಲೂ ಇನ್ನಷ್ಟು ಮಿಕ್ಕಿರುತ್ತದೆ. ಅನುಮಾನಕ್ಕೆ ಎಡೆಯೇ ಇಲ್ಲ.

2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಆಸ್ಪತ್ರೆಯೊಂದರಲ್ಲಿ ಆದದ್ದು ಇದಕ್ಕಿಂತ ಘೋರ. ಶಿಶುಗಳ ರಕ್ತನಾಳಕ್ಕೆ ಹಾಕಿದ ನಳಿಕೆ ಕಟ್ಟಿಕೊಳ್ಳದಿರಲು ಹೆಪಾರಿನ್ ಹಾಯಿಸುತ್ತಾರೆ, ಎಂ.ಎಲ್.ಗೆ 10 ಯೂನಿಟ್ಟಿನದು. ಕಪಾಟಿನಲ್ಲಿ ಅದರ ಜಾಗಕ್ಕೆ 10,000 ಯೂನಿಟ್ಟಿನ ಬಾಟಲಿ ಬಂದು ಕೂತಿತ್ತು. ಎರಡರ ಚೀಟಿಯೂ ನೀಲಿ. ಆರು ಶಿಶುಗಳಿಗೆ ಸಾವಿರ ಪಟ್ಟು ಔಷಧ ಹೋಗಿ ಮೂರು ತೀರಿಕೊಂಡವು. ಮರುವರ್ಷ ಲಾಸ್ ಏಂಜಲಿಸ್‌ನಲ್ಲಿ ನಟ ಡೆನಿಸ್ ಕ್ವೇಡ್ ಅವರ ಅವಳಿ ಕೂಸುಗಳಿಗೂ ಇದೇ ಆಯಿತು. ಅವು ಬದುಕಿದವು. ನರ್ಸನ್ನು ಬೈಯುವುದು ಸುಲಭ. ನನ್ನನ್ನು ಕೇಳಿದರೆ ಮೊದಲ ತಪ್ಪು ಆ ಚೀಟಿಯದು.

ಲೆಕ್ಕ ತಪ್ಪದಿದ್ದರೂ ಅಪಾಯ ತಪ್ಪಿದ್ದಲ್ಲ. 1950ರ ದಶಕದಲ್ಲಿ, ದೊಡ್ಡ ಮಕ್ಕಳು ತಾಳಿಕೊಳ್ಳುತ್ತಿದ್ದ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಾಗ ನವಜಾತ ಶಿಶುಗಳು ಬೂದಿ ಬಣ್ಣಕ್ಕೆ ತಿರುಗಿ ಸತ್ತವು. ಆ ಔಷಧವನ್ನು ಅರಗಿಸಿ ಹೊರಹಾಕುವ ಕಿಣ್ವ ಎಳೆಯ ಯಕೃತ್ತಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಮೂತ್ರಪಿಂಡವೂ ನಿಧಾನ. ಹಾಗಾಗಿ ಎಷ್ಟು ಕೊಡಬೇಕು ಎಂಬುದರಷ್ಟೇ, ಎಷ್ಟು ಗಂಟೆಗೊಮ್ಮೆ ಎಂಬುದೂ ಮುಖ್ಯ.

ಮನೆಯಲ್ಲಿ ಅಳತೆಯ ಗೊಂದಲಕ್ಕೆ ದಾರಿ ಪ್ಯಾರಾಸಿಟಮಾಲ್. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಮಿಲಿಗ್ರಾಂ. ಸಿರಪ್ಪಿನಲ್ಲಿ 5 ಎಂ.ಎಲ್.ಗೆ 125, ಅಂದರೆ 1 ಎಂ.ಎಲ್.ಗೆ 25. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು. "ನಮ್ಮ ಮಗೂಗೂ ಇಷ್ಟೇ ಹಾಕಿದ್ವಿ" ಎನ್ನುವ ಪಕ್ಕದ ಮನೆಯವರು ಯಾವ ಬಾಟಲಿ ಎಂದು ಹೇಳಿರುವುದಿಲ್ಲ.

ವೈದ್ಯರು ಬರೆದುಕೊಟ್ಟಾಗ ಎಷ್ಟು ಎಂ.ಎಲ್., ಯಾವ ಬಾಟಲಿಯದು ಎಂದು ಕೇಳಿಕೊಳ್ಳಿ. ಆ ಬಾಟಲಿಯ ಜತೆ ಬಂದ ಡ್ರಾಪರನ್ನೇ ಬಳಸಿ. ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಮನೆಯ ಔಷಧಕ್ಕೆ ಕೈಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.