ಕಿರಿದಾದ ಓಣಿಯಲ್ಲಿ ಫೋರ್ಕ್‌ಲಿಫ್ಟ್

ನರಗುಂದ ತಾಲ್ಲೂಕಿನ ಕೊಣ್ಣೂರಿನ ಎರೆಭೂಮಿಯಲ್ಲಿ ಚಕ್ಕಡಿಗೆ ಹೇರು ತುಂಬುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಅಚ್ಚಿನ ಹಿಂಬದಿಗೆ ಭಾರ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ. ಇಲ್ಲಿ ಚಕ್ಕಡಿಯೇ ಒಂದು ಸನ್ನೆ. ಅಚ್ಚು ಅದರ ಆನಿಕೆ. ಉಗ್ರಾಣಗಳಲ್ಲಿ ಸರಕನ್ನೆತ್ತುವ ಫೋರ್ಕ್‌ಲಿಫ್ಟ್ ಯಂತ್ರವೂ ಈ ನಿಯಮಕ್ಕೆ ಅಧೀನವಾದುದೇ.

ಈ ಯಂತ್ರದ ಮುಂದೆ ನೆಟ್ಟನೆಯ ಕಂಬವೊಂದಿದ್ದು, ಅದರ ಮೇಲೆ ಎರಡು ಉಕ್ಕಿನ ಕವಲುಗಳು ಏರಿಳಿಯುತ್ತವೆ. ತಲಾ 50 ಕಿಲೋಗ್ರಾಂನ 20 ಕಡಲೆಚೀಲಗಳನ್ನು, ಎಂದರೆ 1000 ಕಿಲೋಗ್ರಾಂ ಭಾರವನ್ನು, ಕವಲುಗಳು ಹೊತ್ತಿವೆಯೆಂದಿಟ್ಟುಕೊಳ್ಳೋಣ. ಭಾರದ ಗುರುತ್ವಕೇಂದ್ರವು ಮುಂಚಕ್ರದ ಅಚ್ಚಿನಿಂದ 1 ಮೀಟರ್ ಮುಂದಿದ್ದರೆ, ಭಾರ ಮತ್ತು ದೂರಗಳ ಗುಣಲಬ್ಧ 1000. ಯಂತ್ರದ ತೂಕ 2000 ಕಿಲೋಗ್ರಾಂ ಆಗಿದ್ದು, ಅದರ ಗುರುತ್ವಕೇಂದ್ರ ಅಚ್ಚಿನಿಂದ 0.8 ಮೀಟರ್ ಹಿಂದಿದ್ದರೆ, ಗುಣಲಬ್ಧ 1600. ಯಂತ್ರ ಮುಗ್ಗರಿಸದು. ಅದೇ ಭಾರವನ್ನು 1.7 ಮೀಟರ್ ಮುಂದಕ್ಕೆ ಚಾಚಿದರೆ ಮುಗ್ಗರಿಸುವುದು ಖಂಡಿತ. ಆದುದರಿಂದಲೇ ಸಾಮಾನ್ಯ ಫೋರ್ಕ್‌ಲಿಫ್ಟಿನ ಹಿಂಬದಿಗೆ ದೊಡ್ಡ ಎದುರುತೂಕವನ್ನು ಕೂಡಿಸಿರುತ್ತಾರೆ.

ತೊಡಕು ಹುಟ್ಟುವುದು ಇಲ್ಲಿಯೇ. ಎದುರುತೂಕದಿಂದ ಯಂತ್ರ ಉದ್ದವಾಗುತ್ತದೆ. ಸರಕಿನ ಅಂಕಣಕ್ಕೆ ಎದುರಾಗಿ ನಿಲ್ಲಲು ಅದು ಓಣಿಯೊಳಗೆ ಕಾಲುಸುತ್ತು ತಿರುಗಬೇಕು. ಅದಕ್ಕೆ ಸುಮಾರು 3.6 ಮೀಟರ್ ಅಗಲದ ಓಣಿ ಬೇಕಾಗುವುದು. ಇಕ್ಕೆಲದ ಅಂಕಣಗಳು ತಲಾ 1.1 ಮೀಟರ್ ಆಳವಾಗಿದ್ದರೆ, ನೆಲದ 62 ಶೇಕಡ ಬರಿಯ ಓಣಿಗೇ ಹೋಯಿತು! ಓಣಿಯನ್ನು 1.6 ಮೀಟರಿಗೆ ಇಳಿಸಿದರೆ ಅದೇ ಕಟ್ಟಡದಲ್ಲಿ ಸುಮಾರು ಒಂದೂವರೆ ಪಟ್ಟು ಸರಕು ಹಿಡಿಯುತ್ತದೆ.

ಇದಕ್ಕೆ ಯಂತ್ರಶಿಲ್ಪಿಗಳು ಕೊಟ್ಟಿರುವ ಉತ್ತರಗಳು ಹಲವು. ಮೊದಲನೆಯದು ಮೂರು ಚಕ್ರದ ಯಂತ್ರ. ಇದರ ಹಿಂಚಕ್ರ ಬಹಳವಾಗಿ ಹೊರಳುವುದರಿಂದ ತಿರುವು ಚಿಕ್ಕದಾಗುತ್ತದೆ. ಎರಡನೆಯದು ರೀಚ್ ಟ್ರಕ್. ಇದಕ್ಕೆ ಮುಂದೆ ಚಾಚಿದ ಎರಡು ಕಾಲುಗಳೂ ಅವುಗಳ ತುದಿಯಲ್ಲಿ ಚಕ್ರಗಳೂ ಇವೆ. ಕವಲುಗಳು ಮುಂದೆ ಸರಿದು ಸರಕನ್ನು ಹಿಡಿದು, ಮತ್ತೆ ಹಿಂದೆ ಸರಿದು ಅದನ್ನು ಚಕ್ರಗಳ ನಡುವಿಗೆ ತಂದುಕೊಳ್ಳುತ್ತವೆ. ಆನಿಕೆಯೇ ಮುಂದೆ ಹೋದುದರಿಂದ ಎದುರುತೂಕ ಕಡಿಮೆ ಸಾಕು; ಓಣಿ ಸುಮಾರು 2.8 ಮೀಟರಿಗೆ ಇಳಿಯುತ್ತದೆ. ಮೂರನೆಯದು ನಡುವಿನಲ್ಲಿ ಕೀಲಿರುವ ಯಂತ್ರ. ಇದು ಒಡಲನ್ನು ಬಾಗಿಸಿ, ಸುಮಾರು 2 ಮೀಟರ್ ಓಣಿಯಲ್ಲಿ ಕೆಲಸ ಮಾಡುತ್ತದೆ. ಕೊನೆಯದರಲ್ಲಿ ಒಡಲು ತಿರುಗುವುದೇ ಇಲ್ಲ. ಕವಲುಗಳು ಮಾತ್ರ ಎಡಕ್ಕೂ ಬಲಕ್ಕೂ 90 ಡಿಗ್ರಿ ಹೊರಳುತ್ತವೆ. ನೆಲದಲ್ಲಿ ಹುಗಿದ ತಂತಿ ಅಥವಾ ಬದಿಯ ಹಳಿ ಇದಕ್ಕೆ ದಾರಿ ತೋರಿಸುತ್ತದೆ. ಇದಕ್ಕೆ ಸುಮಾರು 1.6 ಮೀಟರ್ ಸಾಕು.

ಆದರೆ ನಿಸರ್ಗವು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಓಣಿ ಕಿರಿದಾದಷ್ಟೂ ಅಂಕಣಗಳನ್ನು ಎತ್ತರಿಸುವ ಆಸೆ ಹೆಚ್ಚುತ್ತದೆ. ಎತ್ತರದಲ್ಲಿ ಸಣ್ಣ ಓರೆಯೂ ದೊಡ್ಡದಾಗುತ್ತದೆ. ಎಡಬಲ ಚಕ್ರಗಳ ನಡುವಣ ಅಂತರ 1.2 ಮೀಟರ್ ಆಗಿದ್ದು, ಒಂದು ಚಕ್ರದಡಿಯ ನೆಲ ಕೇವಲ 3 ಮಿಲಿಮೀಟರ್ ತಗ್ಗಿದ್ದರೆ, 10 ಮೀಟರ್ ಮೇಲಿರುವ ಕಂಬದ ತುದಿ 25 ಮಿಲಿಮೀಟರ್ ಪಕ್ಕಕ್ಕೆ ಸರಿಯುವುದು. ಅದರೊಡನೆ ಗುರುತ್ವಕೇಂದ್ರವೂ ಸರಿಯುತ್ತದೆ. ಅಂತೆಯೇ ಎತ್ತರ ಹೆಚ್ಚಿದಂತೆ ಹೊರಬಹುದಾದ ಭಾರದ ಮಿತಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆ ಮಿತಿಯನ್ನು ಯಂತ್ರದ ಫಲಕದ ಮೇಲೆ ಬರೆದಿರುತ್ತಾರೆ. ಅದನ್ನು ಮೀರಿದಾಗ ಉರುಳುವುದು ಯಂತ್ರವಷ್ಟೇ ಅಲ್ಲ; ನಡೆಸುವವನ ಜೀವವೂ ಹೋಗಬಹುದು.

ನಮ್ಮ ರಾಜ್ಯದ ಉಗ್ರಾಣ ನಿಗಮ ಸ್ಥಾಪಿತವಾದುದು 1957ರಲ್ಲಿ. ಆದರೂ ಧಾನ್ಯದ ಗೋದಾಮುಗಳಲ್ಲಿ ಚೀಲಗಳು ಬಹುಮಟ್ಟಿಗೆ ಇಂದಿಗೂ ಹಮಾಲರ ಬೆನ್ನೇರಿಯೇ ಮೇಲಕ್ಕೆ ಹೋಗುತ್ತವೆ. ಆ ಬೆನ್ನುಗಳ ಹೊರೆಯನ್ನು ಯಂತ್ರಕ್ಕೆ ವಹಿಸುವುದು ಒಳ್ಳೆಯದೇ. ಆದರೆ ಅದಕ್ಕೆ ಮೊದಲು ಚೀಲಗಳನ್ನಿಡಲು ಮರದ ಪ್ಯಾಲೆಟ್ಟುಗಳೂ, ಗಟ್ಟಿಯಾದ ಸಮತಟ್ಟು ನೆಲವೂ, ಸನ್ನೆಯ ನಿಯಮವನ್ನು ಬಲ್ಲ ಚಾಲಕನೂ ಬೇಕು. ಚಕ್ಕಡಿಯ ನೊಗವನ್ನು ನೋಡಿ ಹೇರನ್ನು ಸರಿಪಡಿಸಬಲ್ಲ ರೈತನ ಮಕ್ಕಳಿಗೆ ಆ ನಿಯಮವನ್ನು ಕಲಿಯುವುದು ಕಷ್ಟವಾಗಲಾರದು.