ಬೆಳ್ತಂಗಡಿ ಮಳೆಗೆ ಟರ್ಮಿನಲ್ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಮೂರು ತಾಲೂಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ದಿನಕ್ಕೊಂದು ಸಾಲಿನಂತೆ ಮಳೆಯ ಲೆಕ್ಕ ಬರೆದಿಟ್ಟರೆ 366 ಸಾಲು. ಒಂದೊಂದರಲ್ಲೂ ತಾರೀಖು, ಊರು, ಮಿಲಿಮೀಟರ್. ಇಷ್ಟಕ್ಕೆ ಎಕ್ಸೆಲ್ ಯಾಕೆ? ಟರ್ಮಿನಲ್ ತೆರೆಯಿರಿ.

ಸಾಲು ಹುಡುಕುವ ಗ್ರೆಪ್ ಕಮಾಂಡ್ ಕೊಟ್ಟರೆ ಬೆಳ್ತಂಗಡಿಯ ಸಾಲುಗಳಷ್ಟೇ ಸಿಗುತ್ತವೆ. ಮುಂದಿನ ಕೆಲಸ ಆಕ್ ಎಂಬ ಪುಟ್ಟ ಭಾಷೆಯದ್ದು. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು, ಇವತ್ತಿಗೂ ಗಟ್ಟಿಮುಟ್ಟು. ಮೂರನೇ ಕಾಲಂ ಅನ್ನು 20ರಿಂದ ಭಾಗಿಸಿ, ದಶಮಾಂಶ ಬಿಟ್ಟು, ಮತ್ತೆ 20ರಿಂದ ಗುಣಿಸಿ. ಅಂಗಳದಲ್ಲಿ ಅಡಿಕೆ ವಿಂಗಡಿಸಿದ ಹಾಗೆ, 47 ಮಿಲಿಮೀಟರ್ ಸುರಿದ ದಿನ 40ರ ಬುಟ್ಟಿಗೆ, 93 ಸುರಿದ ದಿನ 80ರ ಬುಟ್ಟಿಗೆ.

ಯಾವ ಬುಟ್ಟಿಯಲ್ಲಿ ಎಷ್ಟು ದಿನ ಎಂದು ಎಣಿಸಲು ಯೂನಿಕ್ ಮೈನಸ್ ಸಿ. ಅದು ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಹಾಗಾಗಿ ಮೊದಲು ಸಾರ್ಟ್ ಮೈನಸ್ ಎನ್. ಆ ಎನ್ ಮರೆತಿರೋ, 100 ಬಂದು 20ಕ್ಕಿಂತ ಮುಂದೆ ಕೂರುತ್ತದೆ!

ಚಿತ್ರ ಬೇಕೇ? ಪ್ರತಿ ಬುಟ್ಟಿಯ ಮುಂದೆ ದಿನಕ್ಕೊಂದು ನಕ್ಷತ್ರ ಮುದ್ರಿಸಿ, ಟರ್ಮಿನಲ್‌ನಲ್ಲೇ ಗ್ರಾಫ್ ರೆಡಿ. ಚಂದ ಕಾಣಬೇಕೆಂದರೆ ಗ್ನೂಪ್ಲಾಟ್ ಇದೆ.

ನನ್ನ ಕೇಳಿದರೆ, 20ರ ಬುಟ್ಟಿಗಿಂತ ಹವಾಮಾನ ಇಲಾಖೆಯ ಗೆರೆಗಳೇ ವಾಸಿ: ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ. ಭಾರಿಗಿಂತ ಕಡಿಮೆಯದ್ದೂ ಸೇರಿ ನಾಲ್ಕೇ ಬುಟ್ಟಿ, ಅಲರ್ಟ್ ಸುದ್ದಿಯೂ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಮಳೆಮಾಪಕ ಕೆಟ್ಟು ಕಾಲಂ ಖಾಲಿ ಉಳಿದರೆ ಆಕ್ ಅದನ್ನು ಸೊನ್ನೆ ಎಂದೇ ಎಣಿಸುತ್ತದೆ. ಘಟ್ಟದ ಬುಡದ ಬೆಳ್ತಂಗಡಿಯಲ್ಲಿ, ಜುಲೈ ತಿಂಗಳಲ್ಲಿ, ಸಾಲು ಸಾಲು ಸೊನ್ನೆ ಕಂಡರೆ ಗ್ರಾಫ್ ನಂಬಬೇಡಿ. ಮೊದಲು ಫೈಲ್ ತೆರೆದು ನೋಡಿ.