ಹೊಸ ಓಟಗಾರರ ಸ್ನಾಯುನೋವು

ಓಟದ ಅಭ್ಯಾಸವನ್ನು ಹೊಸದಾಗಿ ಆರಂಭಿಸಿದವರ ತೊಡೆ, ಮೀನಖಂಡ, ಸೊಂಟ ಮುಂತಾದ ಭಾಗಗಳ ಸ್ನಾಯುಗಳಲ್ಲಿ ಕೆಲವು ಗಂಟೆಗಳ ಅನಂತರ ಕಾಣಿಸಿಕೊಂಡು, ಕೆಲವು ದಿನಗಳಲ್ಲಿ ತಾನಾಗಿಯೇ ಶಮನವಾಗುವ ನೋವನ್ನು ‘ತಡವಾಗಿ ತೋರುವ ಸ್ನಾಯುನೋವು’ ಎನ್ನಬಹುದು. ಆಡುಮಾತಿನಲ್ಲಿ ಇದನ್ನು ‘ಮೈಕೈ ನೋವು’ ಎಂದೋ ‘ಕಾಲು ಹಿಡಿದುಕೊಂಡಿದೆ’ ಎಂದೋ ಹೇಳುವುದುಂಟು. ಇದು ರೋಗವಲ್ಲ, ರೂಢಿಯಿಲ್ಲದ ಶ್ರಮಕ್ಕೆ ಸ್ನಾಯು ಹೊಂದಿಕೊಳ್ಳುತ್ತಿರುವಾಗ ಕಂಡುಬರುವ ತಾತ್ಕಾಲಿಕ ಸ್ಥಿತಿ. ಆದರೆ ಎಲುಬು, ಕೀಲು ಮತ್ತು ಸ್ನಾಯುರಜ್ಜುಗಳ ಗಾಯಗಳಲ್ಲಿಯೂ ನೋವೇ ಮೊದಲ ಲಕ್ಷಣವಾಗಿರುವುದರಿಂದ ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಅಗತ್ಯ. ಸಾಧಾರಣ ನೋವಿಗೆ ಹೆದರಿ ಓಟವನ್ನೇ ಬಿಡುವವರೂ, ಗಾಯದ ನೋವನ್ನು ಸಾಧಾರಣವೆಂದು ಬಗೆದು ಓಟ ಮುಂದುವರಿಸುವವರೂ ಹೊಸಬರಲ್ಲಿ ಇರುತ್ತಾರೆ.

ಲಕ್ಷಣಗಳು

ಓಡುವಾಗ ಅಥವಾ ಓಡಿದ ಕೂಡಲೇ ಈ ನೋವು ಇರುವುದಿಲ್ಲ. ಸಾಮಾನ್ಯವಾಗಿ 12ರಿಂದ 24 ಗಂಟೆಗಳ ಅನಂತರ ಆರಂಭವಾಗಿ, 24ರಿಂದ 72 ಗಂಟೆಗಳ ನಡುವೆ ಅತ್ಯಧಿಕವಾಗಿ, ಐದರಿಂದ ಏಳು ದಿನಗಳೊಳಗೆ ಮಾಯವಾಗುತ್ತದೆ. ಆದುದರಿಂದ ಭಾನುವಾರ ಮೊದಲ ಬಾರಿಗೆ ಓಡಿದವರಿಗೆ ಸೋಮವಾರಕ್ಕಿಂತ ಮಂಗಳವಾರ ಹೆಚ್ಚು ನೋವಿರುವುದು ಅಸಹಜವಲ್ಲ.

ಸ್ನಾಯು ಬಿಗಿಯಾಗುವುದು, ಮುಟ್ಟಿದರೆ ನೋಯುವುದು, ಬಲ ಸ್ವಲ್ಪ ಕುಂದುವುದು ಇದರ ಮುಖ್ಯ ಲಕ್ಷಣಗಳು. ಸುಮ್ಮನೆ ಕುಳಿತಿರುವಾಗ ನೋವು ಅಷ್ಟಾಗಿ ತಿಳಿಯದು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ, ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕುಳಿತವರು ಏಳುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ ಅದು ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ ಮತ್ತು ಸ್ವಲ್ಪ ಹೊತ್ತು ನಡೆದಾಡಿದರೆ ಸಡಿಲಗೊಳ್ಳುತ್ತದೆ.

ಕಾರಣ

ಸ್ನಾಯುಗಳು ಎರಡು ಬಗೆಯಾಗಿ ಬಲವನ್ನು ಹೊಮ್ಮಿಸುತ್ತವೆ. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಬಲ ಕೊಡುತ್ತದೆ. ಇಳಿಯುವಾಗ ಅದೇ ಸ್ನಾಯು ದೇಹದ ಭಾರವನ್ನು ತಡೆದು ನಿಲ್ಲಿಸುತ್ತ, ಹಿಗ್ಗುತ್ತಲೇ ಬಲ ಕೊಡಬೇಕಾಗುತ್ತದೆ. ಈ ಎರಡನೆಯ ಬಗೆಯ ಕೆಲಸವೇ ತಡವಾಗಿ ತೋರುವ ನೋವಿಗೆ ಪ್ರಧಾನ ಕಾರಣ. ಓಟದ ಪ್ರತಿ ಹೆಜ್ಜೆಯಲ್ಲಿಯೂ ಪಾದ ನೆಲ ಮುಟ್ಟಿದ ಕ್ಷಣ ದೇಹತೂಕದ ಸುಮಾರು ಎರಡರಿಂದ ಮೂರು ಪಟ್ಟು ಬಲವನ್ನು ಕಾಲು ತಾಳಿಕೊಳ್ಳುತ್ತದೆ. ನಿಮಿಷಕ್ಕೆ 150ಕ್ಕೂ ಮೀರಿ ಹೆಜ್ಜೆಗಳು ಬೀಳುವುದರಿಂದ ಹತ್ತು ನಿಮಿಷಗಳ ಓಟದಲ್ಲಿಯೇ ಸ್ನಾಯುಗಳು ಸಾವಿರಕ್ಕೂ ಹೆಚ್ಚು ಬಾರಿ ಈ ಕೆಲಸ ಮಾಡಬೇಕಾಗುತ್ತದೆ.

ರೂಢಿಯಿಲ್ಲದ ಸ್ನಾಯುತಂತುಗಳಲ್ಲಿ ಇದರಿಂದ ಅತಿ ಸೂಕ್ಷ್ಮ ಹಾನಿ ಉಂಟಾಗುತ್ತದೆ. ಅದನ್ನು ಸರಿಪಡಿಸುವ ಕ್ರಿಯೆಯ ಅಂಗವಾಗಿ ಉರಿಯೂತ ತೋರಿ, ನೋವನ್ನು ಅರಿಯುವ ನರತುದಿಗಳು ಸೂಕ್ಷ್ಮಗೊಳ್ಳುತ್ತವೆ. ಈ ಕ್ರಿಯೆಗೆ ಕಾಲ ಬೇಕಾಗುವುದರಿಂದಲೇ ನೋವು ತಡವಾಗಿ ಕಾಣಿಸಿಕೊಳ್ಳುತ್ತದೆ. 1902ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ ಬೆರಳಿನ ಸ್ನಾಯುಗಳ ಮೇಲೆ ನಡೆಸಿದ ಪ್ರಯೋಗಗಳ ಆಧಾರದಿಂದ, ಈ ನೋವಿಗೆ ಸ್ನಾಯುವಿನ ಒಳಗಿನ ಹರಿತವೇ ಕಾರಣವಿರಬೇಕೆಂದು ಸೂಚಿಸಿದ್ದನು.

ಲ್ಯಾಕ್ಟಿಕ್ ಆಮ್ಲದ ಕಲ್ಪನೆ

ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದರಿಂದ ಈ ನೋವು ಬರುತ್ತದೆಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಆದರೆ ಶ್ರಮದ ವೇಳೆ ಉಂಟಾದ ಲ್ಯಾಕ್ಟೇಟ್ ವಿಶ್ರಾಂತಿಯ ಸುಮಾರು ಒಂದು ಗಂಟೆಯೊಳಗೆ ಸಹಜ ಮಟ್ಟಕ್ಕೆ ಇಳಿಯುತ್ತದೆ. ಎರಡು ದಿನಗಳ ಮೇಲೆ ಬರುವ ನೋವಿಗೆ ಅದು ಕಾರಣವಾಗಲಾರದು. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರನ್ನು 45 ನಿಮಿಷ ಸಮತಟ್ಟಾಗಿಯೂ ಇನ್ನೊಮ್ಮೆ ಇಳಿಜಾರಿನಲ್ಲಿಯೂ ಓಡಿಸಲಾಯಿತು. ಸಮತಟ್ಟಿನ ಓಟದಲ್ಲಿ ರಕ್ತದ ಲ್ಯಾಕ್ಟೇಟ್ ಏರಿತು, ಇಳಿಜಾರಿನ ಓಟದಲ್ಲಿ ಏರಲಿಲ್ಲ. ಆದರೆ ಮರುದಿನಗಳ ನೋವು ಬಂದುದು ಇಳಿಜಾರಿನ ಓಟದಿಂದ.

ಸ್ನಾಯುನೋವು ಮತ್ತು ಗಾಯ

ಕೆಳಗಿನ ಚಿಹ್ನೆಗಳು ಸಾಧಾರಣ ಸ್ನಾಯುನೋವನ್ನಲ್ಲದೆ ಗಾಯವನ್ನು ಸೂಚಿಸಬಹುದು:

• ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ, ವಿಶೇಷವಾಗಿ ಎಲುಬಿನ ಮೇಲೆ ನೋವು
• ಒಂದೇ ಕಾಲಿನಲ್ಲಿ ಉಳಿಯುವ ನೋವು
• ಓಡುತ್ತಿರುವಾಗಲೇ ಚುಚ್ಚಿದಂತೆ ಆರಂಭವಾಗಿ, ಓಡಿದಷ್ಟೂ ಹೆಚ್ಚುವ ನೋವು
• ಕುಂಟುವಂತೆ ಮಾಡುವ ಅಥವಾ ಓಟದ ಭಂಗಿಯನ್ನು ಬದಲಿಸುವ ನೋವು
• ಕೀಲಿನಲ್ಲಿ ಊತ, ಬಿಸಿ, ಸಿಕ್ಕಿಕೊಂಡಂತಾಗುವುದು
• ರಾತ್ರಿ ವಿಶ್ರಾಂತಿಯಲ್ಲಿಯೂ ಕಾಡುವ ಅಥವಾ ಒಂದು ವಾರ ಕಳೆದರೂ ಇಳಿಯದ ನೋವು

ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ಗಾಯಗಳೆಂದರೆ ಮಂಡಿಚಿಪ್ಪಿನ ಸುತ್ತಲಿನ ನೋವು, ಮೊಣಕಾಲಿನ ಕೆಳಗಿನ ಎಲುಬಿನ ಒಳಬದಿಯ ನೋವು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನ ನೋವು ಹಾಗೂ ಬೆಳಗ್ಗೆ ಮೊದಲ ಹೆಜ್ಜೆ ಇಟ್ಟಾಗ ಚುಚ್ಚುವ ಅಂಗಾಲಿನ ನೋವು. ಇವುಗಳಲ್ಲಿ ಎಲುಬಿನ ನೋವಿಗೆ ವಿಶೇಷ ಗಮನ ಬೇಕು. ಅದನ್ನು ಅಲಕ್ಷಿಸಿ ಓಡುತ್ತ ಹೋದರೆ ಎಲುಬಿನಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು ಮೂಡಿ, ವಾರಗಟ್ಟಲೆ ಓಟ ನಿಲ್ಲಿಸಬೇಕಾಗಬಹುದು. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ; ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಾಲುತ್ತದೆಂಬ ಒಂದೇ ಕಾರಣಕ್ಕೆ ದೂರವನ್ನು ಹೆಚ್ಚಿಸುವವರಿಗೆ ಗಾಯವಾಗುವುದು ಇದರಿಂದಲೇ.

ಉಪಶಮನ

ಸಾಧಾರಣ ಸ್ನಾಯುನೋವಿಗೆ ಕಾಲವೇ ಮುಖ್ಯ ಮದ್ದು. ಪೂರ್ಣ ವಿಶ್ರಾಂತಿಗಿಂತ ನಿಧಾನವಾದ ನಡಿಗೆ, ಸೈಕಲ್ ಸವಾರಿಯಂತಹ ಹಗುರ ಚಟುವಟಿಕೆ ತಾತ್ಕಾಲಿಕವಾಗಿ ಹೆಚ್ಚು ಹಿತವೆನಿಸುತ್ತದೆ. ಅಂಗಮರ್ದನದಿಂದ ನೋವು ಕಡಿಮೆಯಾಗುವುದನ್ನು ಅಧ್ಯಯನಗಳು ಕಂಡಿವೆ. ಗರಡಿ ಮನೆಗಳಲ್ಲಿ ಪೈಲ್ವಾನರು ಮಾಲೀಸು ಮಾಡಿಸಿಕೊಳ್ಳುವ ರೂಢಿ ಹಳೆಯದು; ಮನೆಗಳಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುವುದೂ ಹಿತ ಕೊಡುತ್ತದೆ. ಆದರೆ ನೋಯುವ ಭಾಗವನ್ನು ಬಲವಾಗಿ ತುಳಿಸಿಕೊಳ್ಳುವುದು ಸಲ್ಲದು. ತಣ್ಣೀರಿನಲ್ಲಿ ಕಾಲು ಮುಳುಗಿಸುವುದರಿಂದ ಕೆಲವರಿಗೆ ನೋವು ತಗ್ಗುತ್ತದೆ.

ಓಟಕ್ಕೆ ಮುಂಚೆ ಅಥವಾ ಅನಂತರ ಸ್ನಾಯುಗಳನ್ನು ಎಳೆದು ಹಿಗ್ಗಿಸುವ ವ್ಯಾಯಾಮದಿಂದ ಈ ನೋವು ತಪ್ಪುತ್ತದೆಂಬ ಅಭಿಪ್ರಾಯಕ್ಕೆ ಆಧಾರ ದುರ್ಬಲವಾಗಿದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2011ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಅದರಿಂದಾಗುವ ವ್ಯತ್ಯಾಸ ಅತ್ಯಲ್ಪ.

ಐಬುಪ್ರೊಫೇನ್, ಡೈಕ್ಲೋಫಿನಾಕ್ ಮುಂತಾದ ನೋವುನಿವಾರಕ ಮಾತ್ರೆಗಳನ್ನು ಓಟಕ್ಕೆ ಮುನ್ನ ನುಂಗುವುದು ಹಾನಿಕರ. ಬೆವರು ಹರಿದು ದೇಹದಲ್ಲಿ ನೀರು ಕಡಿಮೆಯಾದಾಗ ಇವು ಮೂತ್ರಪಿಂಡಗಳಿಗೆ ತೊಂದರೆ ಕೊಡಬಲ್ಲವು. ಜಠರದ ಒಳಪೊರೆಯನ್ನೂ ಕೆರಳಿಸುತ್ತವೆ. ಅಲ್ಲದೆ, ಗಾಯದ ಎಚ್ಚರಿಕೆಯಾಗಬಹುದಾದ ನೋವನ್ನೇ ಮರೆಮಾಡುತ್ತವೆ.

ನಿದ್ರೆ ಮತ್ತು ಆಹಾರ ಸ್ನಾಯುಗಳ ದುರಸ್ತಿಗೆ ನೆರವಾಗುತ್ತವೆ. ಬೇಳೆ, ಹೆಸರುಕಾಳು, ಹುರುಳಿ, ಮೊಸರು, ಮೊಟ್ಟೆ ಮೊದಲಾದವು ಪ್ರೋಟೀನಿನ ಸುಲಭ ಮೂಲಗಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಎಲುಬಿನ ಪೋಷಣೆಗೆ ಅದು ಉಪಯುಕ್ತ.

ಕ್ರಮಬದ್ಧ ಅಭ್ಯಾಸ

ಒಮ್ಮೆ ನೋವು ಅನುಭವಿಸಿದ ಸ್ನಾಯು, ಕೆಲವು ದಿನಗಳ ಮೇಲೆ ಅದೇ ಶ್ರಮವನ್ನು ಮತ್ತೆ ಮಾಡಿದಾಗ ಬಹಳ ಕಡಿಮೆ ನೋಯುತ್ತದೆ. ಈ ರಕ್ಷಣೆ ಹಲವು ವಾರಗಳವರೆಗೆ ಉಳಿಯುತ್ತದೆ. ಸಣ್ಣ ಪ್ರಮಾಣದ ಓಟದಿಂದಲೂ ಇದು ದೊರೆಯುವುದರಿಂದ, ಮೊದಲ ದಿನಗಳಲ್ಲಿ ಕಡಿಮೆ ಓಡುವುದೇ ನೋವನ್ನು ತಡೆಯುವ ಉತ್ತಮ ಮಾರ್ಗ.

ಓಟದ ನಡುವೆ ನಡಿಗೆಯನ್ನು ಸೇರಿಸುವ ಪದ್ಧತಿಯನ್ನು 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಜನಪ್ರಿಯಗೊಳಿಸಿದರು. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ ‘ಕೌಚ್ ಟು 5ಕೆ’ ಎಂಬ ಒಂಬತ್ತು ವಾರಗಳ ಕ್ರಮವೂ ಇದನ್ನೇ ಅನುಸರಿಸುತ್ತದೆ. ಅದರ ಮೊದಲ ವಾರದಲ್ಲಿ ಐದು ನಿಮಿಷಗಳ ಬಿರುಸು ನಡಿಗೆಯ ಬಳಿಕ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ ಎಂಬಂತೆ 20 ನಿಮಿಷ ಸಾಗಬೇಕು. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಬಿಡುವು. ಮಾತನಾಡುತ್ತ ಓಡಲು ಸಾಧ್ಯವಾಗುವಷ್ಟು ವೇಗ ಹೊಸಬರಿಗೆ ಸಾಕು.

ಹಾಗೆಂದು ಯಾವ ವೇಳಾಪಟ್ಟಿಯೂ ಗಾಯದಿಂದ ಪೂರ್ಣ ರಕ್ಷಣೆ ನೀಡುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 13 ವಾರಗಳ ನಿಧಾನ ಕ್ರಮವನ್ನು ಅನುಸರಿಸಿದವರಲ್ಲಿಯೂ 8 ವಾರಗಳ ಕ್ರಮವನ್ನು ಅನುಸರಿಸಿದವರಲ್ಲಿಯೂ ಸುಮಾರು ಐವರಲ್ಲಿ ಒಬ್ಬರು ಗಾಯಗೊಂಡರು. ವೇಳಾಪಟ್ಟಿ ಏನೇ ಹೇಳಿದರೂ, ಗಾಯದ ಚಿಹ್ನೆಗಳು ಕಂಡ ದಿನ ಓಡದಿರುವುದು ಆದುದರಿಂದ ಅಗತ್ಯ.

ದಕ್ಷಿಣ ಬೆಂಗಳೂರಿನಲ್ಲಿ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳು ಬೆಳಗಿನ ವೇಳೆ ಉದ್ಯಾನಗಳಲ್ಲಿಯೂ ಕೆರೆಗಳ ಸುತ್ತಲೂ ನಡೆಯುವುದು, ಓಡುವುದು ವಾಡಿಕೆ. ಲಾಲ್‌ಬಾಗ್, ಜಯನಗರದ ಲಕ್ಷ್ಮಣರಾವ್ ಉದ್ಯಾನ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ, ಬಿ.ಟಿ.ಎಂ. ಬಡಾವಣೆಯ ಬಳಿಯ ಮಡಿವಾಳ ಕೆರೆ ಮತ್ತು ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಅರಣ್ಯ ಇಂತಹ ಸ್ಥಳಗಳು. 2008ರಿಂದ ನಗರದಲ್ಲಿ ನಡೆಯುತ್ತಿರುವ 10 ಕಿಲೋಮೀಟರ್ ವಿಶ್ವ ಓಟ ಅನೇಕರಿಗೆ ಅಭ್ಯಾಸ ಆರಂಭಿಸಲು ಪ್ರೇರಣೆಯಾಗಿದೆ. ಮೇ ತಿಂಗಳಲ್ಲಿ ನಡೆಯುತ್ತಿದ್ದ ಈ ಓಟ ಈಚೆಗೆ ಏಪ್ರಿಲ್‌ನಲ್ಲಿ ನಡೆಯುತ್ತಿದೆ. ಅದಕ್ಕೆ ಕೆಲವೇ ವಾರಗಳಿರುವಾಗ ಅವಸರದಿಂದ ದೂರ ಹೆಚ್ಚಿಸುವುದು ಗಾಯಕ್ಕೆ ಎಡೆಮಾಡಿಕೊಡುತ್ತದೆ.

ಇಲ್ಲಿನ ನೆಲ ಏರಿಳಿತಗಳಿಂದ ಕೂಡಿದೆ. ಇಳಿಜಾರಿನ ಓಟ ಉಸಿರಿಗೆ ಸುಲಭವೆನಿಸಿದರೂ ತೊಡೆಗಳಿಗೆ ಅದೇ ಹೆಚ್ಚು ನೋವು ತರುವುದರಿಂದ, ಮೊದಲ ವಾರಗಳಲ್ಲಿ ಸಮತಟ್ಟಾದ ದಾರಿಯನ್ನು ಆರಿಸಿಕೊಳ್ಳುವುದು ಅಥವಾ ಇಳಿಜಾರಿನಲ್ಲಿ ನಡೆಯುವುದು ಒಳ್ಳೆಯದು. ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಪಾದಚಾರಿ ಮಾರ್ಗಗಳು ಮರದ ಬೇರುಗಳಿಂದ ಎದ್ದು ಅಸಮವಾಗಿರುವೆಡೆ ಪಾದ ಉಳುಕುವ ಸಂಭವವಿದೆ. ಉದ್ಯಾನದಲ್ಲಿ ಸದಾ ಒಂದೇ ದಿಕ್ಕಿನಲ್ಲಿ ಸುತ್ತುವವರು ಆಗಾಗ ದಿಕ್ಕು ಬದಲಿಸಿದರೆ ಎರಡೂ ಕಾಲುಗಳ ಮೇಲೆ ಭಾರ ಸಮನಾಗಿ ಬೀಳುತ್ತದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎದೆ, ದವಡೆ ಅಥವಾ ತೋಳಿನಲ್ಲಿ ಓಡುವಾಗ ಬಂದು, ನಿಂತರೆ ಇಳಿಯುವ ನೋವು ಸ್ನಾಯುವಿನದೆಂದು ಭಾವಿಸಬಾರದು, ಅದು ಹೃದಯದ್ದಾಗಿರಬಹುದು. ನಿಂತ ಮೇಲೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಓಟ ಆರಂಭಿಸುವ ಮುನ್ನವೇ ವೈದ್ಯರ ಸಲಹೆ ಪಡೆಯಬೇಕು. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳಿಂದಲೂ ಸ್ನಾಯುನೋವು ಬರಬಹುದಾದ್ದರಿಂದ, ಅವುಗಳನ್ನು ಸೇವಿಸುವವರು ನೋವು ಮುಂದುವರಿದರೆ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಅತಿಯಾದ ನೋವು ಮತ್ತು ಊತದೊಂದಿಗೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ತೀವ್ರವಾಗಿ ಒಡೆದು ಅವುಗಳ ಅಂಶ ರಕ್ತಕ್ಕೆ ಸೇರುತ್ತಿರುವ ಸೂಚನೆ. ಇದು ಅಪರೂಪವಾದರೂ ಮೂತ್ರಪಿಂಡಗಳಿಗೆ ಅಪಾಯಕಾರಿಯಾದ್ದರಿಂದ ತುರ್ತು ಚಿಕಿತ್ಸೆ ಬೇಕು. ಒಂದೇ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ; ಅಂತಹ ಕಾಲಿಗೆ ಮಾಲೀಸು ಮಾಡಬಾರದು.

ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವುದುಂಟು. ಎರಡರಲ್ಲಿಯೂ ಮೈಕೈ ನೋವು ತೀವ್ರವಾಗಿರುವುದರಿಂದ ಓಟದ ನೋವೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಓಟದ ಸ್ನಾಯುನೋವಿನಲ್ಲಿ ಜ್ವರ ಇರುವುದಿಲ್ಲ. ಜ್ವರವಿದ್ದಾಗ ಓಡಬಾರದು, ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಮತ್ತು ಐಬುಪ್ರೊಫೇನ್ ಬಗೆಯ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಅವುಗಳನ್ನು ಸೇವಿಸಬಾರದು.

ಎಲುಬು ಮತ್ತು ಕೀಲುಗಳ ಚಿಕಿತ್ಸೆಗಾಗಿಯೇ ಇರುವ ಸರ್ಕಾರಿ ವಲಯದ ಸಂಜಯ್ ಗಾಂಧಿ ಆಸ್ಪತ್ರೆ, ಹೃದ್ರೋಗ ಚಿಕಿತ್ಸೆಯ ಜಯದೇವ ಸಂಸ್ಥೆ ಹಾಗೂ ಜಯನಗರ ಸಾರ್ವಜನಿಕ ಆಸ್ಪತ್ರೆ ಮೂರೂ ಜಯನಗರ ಭಾಗದಲ್ಲಿಯೇ ಇವೆ.